ಕೇಳದೇ ಬಿಟ್ಟ ಡೌಟು (ಭಾಗ 4)

ಮೊನ್ನೆ ಸ್ಟ್ಯಾಟ್ಸ್ ಕ್ಲಾಸಲ್ಲಿ ನಂಗೊಂದು ಡೌಟ್ ಬಂತು. ಅರ್ಧ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡು ಸುಮ್ಮನಾದೆ. ‘ಇಷ್ಟೂ ಗೊತ್ತಿಲ್ವಾ’ ಅಂತ ನೀವೆಲ್ಲ ನಗ್ತೀರಿ ಅನ್ನೋ ಭಯ. ನಿಮಗೂ ಹೀಗಾಗಿರತ್ತೆ, ಅಲ್ವಾ?

ಅವತ್ತು ರಾತ್ರಿ ಸಿ. ಆರ್. ರಾವ್ ಬಗ್ಗೆ ಓದಿದೆ. 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು, ಮನೆಮಾತು ತೆಲುಗು.

1944ರಲ್ಲಿ ಅವರು ಕಲ್ಕತ್ತಾದಲ್ಲಿ ಪಾಠ ಮಾಡ್ತಿದ್ರು. ಇನ್ನೂ ಚಿಕ್ಕ ವಯಸ್ಸು. ಡೇಟಾ ತುಂಬಾ ಇದ್ದಾಗ ನಮ್ಮ ಅಂದಾಜು ಎಷ್ಟರಮಟ್ಟಿಗೆ ನಿಖರ ಆಗಬಹುದು ಅನ್ನೋದಕ್ಕೆ ಫಿಶರ್ ಕೊಟ್ಟಿದ್ದ ಮಿತಿಯನ್ನ ವಿವರಿಸಿದರು. ಆಗ ದಾಂಡೇಕರ್ ಅನ್ನೋ ವಿದ್ಯಾರ್ಥಿ, ಸ್ಯಾಂಪಲ್ ಚಿಕ್ಕದಾದ್ರೆ ಏನು ಕಥೆ ಅಂತ ಕೇಳಿದ್ರು.

ಮೇಷ್ಟ್ರ ಹತ್ರ ಉತ್ತರ ಇರಲಿಲ್ಲ! ರಾತ್ರಿ ಕೂತು ಬಿಡಿಸಿ, ಮರುದಿನ ಕ್ಲಾಸಲ್ಲಿ ಹೇಳಿದರು. 1945ರಲ್ಲಿ ಅದು ಅಚ್ಚಾಯ್ತು. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ಕ್ರಾಮೆರ್-ರಾವ್ ಮಿತಿ ಅದೇ.

ಆಮೇಲೆ ಕೇಂಬ್ರಿಜ್‌ನಲ್ಲಿ ಅದೇ ಫಿಶರ್ ಹತ್ರ ಪಿಎಚ್‌.ಡಿ., ದಶಕಗಳ ಕಾಲ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ನಿವೃತ್ತಿಯಾದ ಮೇಲೆ ಅಮೆರಿಕದಲ್ಲೂ ಪಾಠ. 2023ರಲ್ಲಿ, 102ನೇ ವಯಸ್ಸಲ್ಲಿ, ಆ 1945ರ ಕೆಲಸಕ್ಕೇ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳಿದ ದಾಂಡೇಕರ್? ಬಡತನದ ಲೆಕ್ಕ ಹಾಕಿದ ದೊಡ್ಡ ಅರ್ಥಶಾಸ್ತ್ರಜ್ಞ ಆದರು.

ನಂಗೆ ತಟ್ಟಿದ್ದು ಇಷ್ಟೇ: ಅವತ್ತು ದಾಂಡೇಕರ್ ನನ್ನ ಥರ ತಲೆ ಕೆರೆದುಕೊಂಡಿದ್ರೆ?

ನಾಳೆ ಮೊದಲನೇ ಪೀರಿಯಡ್ಡೇ ಸ್ಟ್ಯಾಟ್ಸ್. ಡೌಟ್ ಬರ್ಕೊಂಡಿದೀನಿ. ನಗೋದಾದ್ರೆ ನಗಿ. ಉತ್ತರ ನಿಮಗೂ ಬೇಕು ಅಂತ ನಂಗೊತ್ತು.