ಅಂಗಾಲ ಉರಿಯೂ ಕಾಲುಂಗುರವೂ

ರಾತ್ರಿ ಎರಡು ಗಂಟೆಗೆ ನಮ್ಮ ಮನೆಯಲ್ಲಿ ಎದ್ದಿರುವವಳು ನಾನೊಬ್ಬಳೇ. ಮಂಚದಿಂದ ಇಳಿದು ಬಂದು ಹಜಾರದ ರೆಡ್ ಆಕ್ಸೈಡ್ ನೆಲಕ್ಕೆ ಎರಡೂ ಅಂಗಾಲು ಒತ್ತಿ ಕೂರುತ್ತೇನೆ. ಆ ಜಾಗದ ತಂಪು ಮುಗಿದ ಮೇಲೆ ಪಕ್ಕಕ್ಕೆ ಸರಿಯುತ್ತೇನೆ. ಹೀಗೆ ಸರಿಯುತ್ತ ಸರಿಯುತ್ತ ಒಂದೊಂದು ದಿನ ದೇವರ ಕೋಣೆಯ ಹೊಸ್ತಿಲು ಮುಟ್ಟಿರುತ್ತೇನೆ, ಅಷ್ಟರಲ್ಲಿ ಹಾಲಿನವನು ಬರುತ್ತಾನೆ.

ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತದಲ್ಲ, ಅದನ್ನು ಕಾಲಿಗೆ ಇಳಿಸಿಕೊಳ್ಳಿ. ನಡುನಡುವೆ ಸೂಜಿ ಚುಚ್ಚಿ ತೆಗೆದ ಹಾಗೆ ಚುಳ್ ಎನ್ನುತ್ತದೆ. ಹೊದಿಕೆಯ ಅಂಚು ತಾಗಿದರೂ ತಡೆಯಲಾಗುವುದಿಲ್ಲ. ವಿಚಿತ್ರವೆಂದರೆ ಮುಟ್ಟಿ ನೋಡಿದವರಿಗೆ ಕಾಲು ತಣ್ಣಗೇ ಇರುತ್ತದೆ. "ಎಲ್ಲಿ, ಬಿಸೀನೇ ಇಲ್ವಲ್ಲ" ಎಂದಿದ್ದರು ನಮ್ಮ ಮನೆಯವರು ಮೊದಲ ಸಲ. ಕೆಂಪಾಗಿಲ್ಲ, ಊದಿಲ್ಲ, ಗಾಯವಿಲ್ಲ. ತೋರಿಸಲು ಏನೂ ಇಲ್ಲದ ನೋವನ್ನು ಎಷ್ಟು ದಿನ ಹೇಳಿಕೊಳ್ಳುವುದು? ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಗಿತ್ತು. ಮಾತ್ರೆ ನುಂಗಿದರೆ ಮುಗಿಯಿತು ಎಂದುಕೊಂಡು ಮದುವೆ ಮನೆಗಳ ಹೋಳಿಗೆಯನ್ನೂ ಬಿಟ್ಟವಳಲ್ಲ ನಾನು. ಅಕ್ಕಪಕ್ಕದವರು ಹೇಳಿದ್ದನ್ನೆಲ್ಲ ಮಾಡಿದೆ. ಹರಳೆಣ್ಣೆ ಹಚ್ಚಿದೆ, ತುಪ್ಪ ಸವರಿ ಕಂಚಿನ ಬಟ್ಟಲಿನಿಂದ ಉಜ್ಜಿದೆ, ಗೋರಂಟಿ ಅರೆದು ಮೆತ್ತಿಕೊಂಡೆ. ಗೋರಂಟಿ ಮಾತ್ರ ಚೆನ್ನಾಗಿ ಕೆಂಪಾಗಿತ್ತು.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ನೆಂಟರ ಜೊತೆ ಶ್ರವಣಬೆಳಗೊಳಕ್ಕೆ ಹೋದೆವು. ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಹತ್ತಬೇಕು, ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಇಳಿಯುವಾಗ ಮಧ್ಯಾಹ್ನವಾಗಿತ್ತು. ಮಕ್ಕಳು, ದೊಡ್ಡವರು ಎಲ್ಲರೂ "ಅಯ್ಯಪ್ಪಾ" ಎನ್ನುತ್ತ ಕುಣಿದುಕೊಂಡೇ ಇಳಿಯುತ್ತಿದ್ದರು. ನಾನು ಮಾತ್ರ ನಿಧಾನವಾಗಿ, ಕಂಬಿ ಹಿಡಿದು, ಗಂಭೀರವಾಗಿ ಬಂದೆ. "ನೋಡ್ರೋ, ನಿಮಗಿಂತ ಅತ್ತೆನೇ ಗಟ್ಟಿ" ಅಂದರು ಯಾರೋ. ಗೊಮ್ಮಟನ ದಯೆಯಿಂದ ನನ್ನ ಉರಿ ಹೋಯಿತು ಎಂದೇ ನಂಬಿದೆ. ವ್ಯಾನಿನಲ್ಲಿ ಹಾಡೂ ಹೇಳಿದೆ.

ಸಂಜೆ ಮನೆಗೆ ಬಂದು ಕಾಲು ತೊಳೆದು ಹಜಾರಕ್ಕೆ ಬಂದಾಗ ನೆಲದ ಮೇಲೆ ಹೆಜ್ಜೆಗೊಂದು ಒದ್ದೆ ಗುರುತು. ಒರೆಸಿದಷ್ಟೂ ಮತ್ತೆ. ಕೂತು ಪಾದ ತಿರುಗಿಸಿ ನೋಡಿದರೆ ಎರಡೂ ಅಂಗಾಲಲ್ಲಿ ಬೊಬ್ಬೆಗಳೆದ್ದು, ಎರಡು ಒಡೆದು ನೀರು ಸೋರುತ್ತಿತ್ತು. ಏನೂ ಗೊತ್ತೇ ಆಗಿರಲಿಲ್ಲ. ಬೆಂಕಿಯಿಲ್ಲದ ರಾತ್ರಿಗಳಲ್ಲಿ ಬೆಂಕಿ ಬೆಂಕಿ ಎಂದು ಕೂಗುತ್ತಿದ್ದ ಕಾಲು, ನಿಜವಾಗಿ ಸುಟ್ಟಾಗ ಬಾಯಿ ಬಿಟ್ಟಿರಲಿಲ್ಲ.

ಹಾಸನದ ಡಾಕ್ಟರು ನನ್ನನ್ನು ಮಲಗಿಸಿ ಕಣ್ಣು ಮುಚ್ಚಿಸಿದರು. ಸಣ್ಣ ನೈಲಾನ್ ಎಳೆಯಿಂದ ಮುಟ್ಟುತ್ತೇನೆ, ಗೊತ್ತಾದಾಗ ಹೇಳಿ ಎಂದರು. ಸ್ವಲ್ಪ ಹೊತ್ತು ಕಾದು, "ಶುರು ಮಾಡ್ತೀರಾ ಡಾಕ್ಟ್ರೇ?" ಎಂದೆ. ಅವರು ಮಾತಾಡಲಿಲ್ಲ. ಕಣ್ಣು ಬಿಟ್ಟಾಗ ನಮ್ಮ ಮನೆಯವರ ಮುಖ ನೋಡಿಯೇ ಗೊತ್ತಾಯಿತು, ಪರೀಕ್ಷೆ ಮುಗಿದಿತ್ತು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಎಳೆಯಂತೆ ಅದು. ಆಮೇಲೆ ಸಂಗೀತದವರ ಶ್ರುತಿ ಕವೆಯಂಥದ್ದನ್ನು ಮಿಡಿದು ಹೆಬ್ಬೆರಳಿಗೆ ಇಟ್ಟರು. ಅದರ ನಡುಕ ನನಗೆ ತಿಳಿದದ್ದು ಕಿವಿಯಿಂದ, ಕಾಲಿನಿಂದಲ್ಲ.

ಸೊಂಟದ ಹತ್ತಿರದಿಂದ ಹೊರಟು ಕಾಲ್ಬೆರಳಿನ ತುದಿ ಮುಟ್ಟುವ ನರದ ಒಂದೊಂದು ಎಳೆಯೂ ಸುಮಾರು ಒಂದು ಮೀಟರ್ ಉದ್ದ. ಮೈಯಲ್ಲಿ ಅಷ್ಟು ಉದ್ದದ್ದು ಬೇರೆ ಇಲ್ಲ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ನರವೂ ಕೆಡುತ್ತದೆ, ಅದಕ್ಕೆ ರಕ್ತ ಕೊಡುವ ಸೂಕ್ಷ್ಮ ನಾಳಗಳೂ ಕೆಡುತ್ತವೆ. ಉದ್ದ ಇದ್ದದ್ದು ಮೊದಲು ಸೋಲುತ್ತದೆ, ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದ ಹಾಗೆ. ಅದಕ್ಕೇ ಎರಡೂ ಕಾಲಿನ ಬೆರಳುಗಳಿಂದ ಒಟ್ಟಿಗೇ ಶುರುವಾಗಿ ಕಾಲುಚೀಲ ಏರಿಸಿದಂತೆ ಮೇಲೆ ಬರುವುದು. ಕೆಟ್ಟ ನರ ಸುಳ್ಳು ಸುದ್ದಿ ಕಳಿಸುತ್ತದೆ, ನಿಜ ಸುದ್ದಿ ಕಳಿಸುವುದಿಲ್ಲ. ಉರಿಗೆ ಕೊಟ್ಟ ಮಾತ್ರೆಗಳಲ್ಲಿ ಒಂದು ಫಿಟ್ಸ್‌ಗೂ ಕೊಡುವಂಥದ್ದು, ಇನ್ನೊಂದು ಖಿನ್ನತೆಗೂ ಕೊಡುವಂಥದ್ದು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಎಲ್ಲಾ ಸರಿಯಾಗುತ್ತೆ ಬಿಡಿ ಆಂಟಿ" ಎಂದು ದನಿ ತಗ್ಗಿಸಿ ಹೇಳಿದ. ಕಾಲು ನೋವಪ್ಪಾ ಎಂದರೆ ನಂಬಲಿಲ್ಲ.

ಆದರೆ ಆ ದಿನದ ದೊಡ್ಡ ಮಾತು ಬೇರೆ. "ಕಾಲುಂಗುರ ತೆಗೀಬೇಕಲ್ಲಮ್ಮ" ಎಂದಿದ್ದರು ಡಾಕ್ಟರು. ಬೆರಳು ಊದಿ ಉಂಗುರ ಒಳಗೆ ಕಚ್ಚಿಕೊಂಡಿತ್ತು. ಮೂವತ್ತೊಂದು ವರ್ಷದಿಂದ ಕಾಲಲ್ಲಿದ್ದದ್ದು. ನಮ್ಮ ಕಡೆ ಅದನ್ನು ಯಾವಾಗ ತೆಗೆಸುತ್ತಾರೆಂದು ಹೇಳಬೇಕಾಗಿಲ್ಲ. ನಮ್ಮಮ್ಮನ ಕಾಲಿಂದ ತೆಗೆಸಿದ್ದನ್ನು ಹತ್ತಿರ ನಿಂತು ನೋಡಿದವಳು ನಾನು. "ಬೇರೆ ಏನು ಬೇಕಾದರೂ ಹೇಳಿ" ಎಂದು ಎದ್ದು ಬಂದೆ. ಮನೆಯಲ್ಲಿ ನಾಲ್ಕು ದಿನ ಮಾತಿಲ್ಲ. ಐದನೇ ದಿನ ಅವರೇ ಬೋಗುಣಿಯಲ್ಲಿ ಸೋಪಿನ ನೀರು ತಂದು ಎದುರು ಕೂತರು. "ತೊಡಿಸಿದವನು ನಾನೇ ತಾನೇ" ಎಂದರು. ಮದುವೆಯ ದಿನ ಬಿಟ್ಟರೆ ಅವರು ನನ್ನ ಪಾದ ಹಿಡಿದದ್ದು ಅಂದೇ. ಉಂಗುರ ಜಾರಿದಾಗ ಅದರಡಿಯಲ್ಲಿ ಬೆರಳ ಸುತ್ತ ಬಿಳಿಚಿಕೊಂಡ ತೋಡು, ತೋಡಿನಲ್ಲಿ ಹಸಿ ಗಾಯ. ಅದೂ ನನಗೆ ಗೊತ್ತಿರಲಿಲ್ಲ. ಉಂಗುರಗಳನ್ನು ಈಗ ತಾಳಿಯ ಜೊತೆ ಪೋಣಿಸಿಕೊಂಡಿದ್ದೇನೆ. ನೋಡಿದವರು ಏನಾದರೂ ಅಂದುಕೊಳ್ಳಲಿ.

ಮನೆಯೊಳಗೂ ಚಪ್ಪಲಿ ಹಾಕಬೇಕು. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನದು, ಹಿಂದೆ ಪಟ್ಟಿ ಇರುವಂಥದ್ದು. ನಮ್ಮ ಅತ್ತಿಗೆ ಅದನ್ನು ನೋಡಿ, "ಇದು ಕುಷ್ಠದವರ ಚಪ್ಪಲಿ ಅಲ್ವೇ?" ಎಂದರು. ತಪ್ಪೇನಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಎಂಬ ಸರ್ಜನ್ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತ ಒಂದು ವಿಷಯ ಕಂಡುಕೊಂಡರು: ಅವರ ಬೆರಳು ಹೋಗುವುದು ರೋಗ ತಿಂದು ಹಾಕುವುದರಿಂದಲ್ಲ, ನೋವು ತಿಳಿಯದ ಕಾಲಿಗೆ ದಿನವೂ ಬೀಳುವ ಪೆಟ್ಟಿನಿಂದ. ಅಂಥ ಕಾಲಿಗೆ ತಕ್ಕ ಮೆತ್ತನೆಯ ಚಪ್ಪಲಿಗಾಗಿ ಅವರೂ ಜೊತೆಯವರೂ ಹುಡುಕಾಡಿದರು. ಆ ತಿಳಿವಳಿಕೆಯೇ ಮುಂದೆ ನಮ್ಮಂಥ ಸಕ್ಕರೆಯವರ ಕಾಲಿಗೂ ಬಂತು. ಚಿಕ್ಕಂದಿನಲ್ಲಿ ನಮ್ಮೂರ ಸಂತೆಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದವನ ಮುಂದೆ ಮೂಗು ಮುಚ್ಚಿ ಓಡುತ್ತಿದ್ದೆವು. ಅಡುಗೆಮನೆಯಲ್ಲಿ ಈ ಚಪ್ಪಲಿಯಲ್ಲಿ ನಿಂತು ಸಾರು ಕುದಿಸುವಾಗ ಅವನ ನೆನಪಾಗುತ್ತದೆ.

ಈಗ ರಾತ್ರಿ ಊಟವಾದ ಮೇಲೆ ಅವರು ಟಾರ್ಚ್ ಹಿಡಿದು ನನ್ನ ಪಾದ ನೋಡುತ್ತಾರೆ, ಬೆರಳ ಸಂದಿಗಳನ್ನು ಬಿಡಿಸಿ ಬಿಡಿಸಿ. ಮೊದಮೊದಲು ನಾಚಿಕೆಯಿಂದ ಕಾಲು ಎಳೆದುಕೊಳ್ಳುತ್ತಿದ್ದೆ. ಈ ಸಲದ ಭೀಮನ ಅಮಾವಾಸ್ಯೆಯಂದು ಬೆಳಗ್ಗೆ ನಾನು ಅವರ ಪಾದ ತೊಳೆದು ಪೂಜೆ ಮಾಡಿದೆ. ರಾತ್ರಿ ಎಂದಿನಂತೆ ಅವರ ಟಾರ್ಚು. ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಅಕ್ಷತೆಯ ಒಂದು ಕಾಳು ಸಿಕ್ಕಿತು. "ಬೆಳಗ್ಗೆಯಿಂದ ಇತ್ತಾ?" ಎಂದರು. ಇದ್ದಿರಬೇಕು.

ಆ ಕಿರುಬೆರಳು ಒಂದು ತಿಂಗಳಿಂದ ಉರಿಯುತ್ತಿಲ್ಲ. ಉರಿ ತಾನಾಗಿ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ, ಬಂದು ತೋರಿಸಿ ಎಂದಿದ್ದರು ಡಾಕ್ಟರು. ಮಿಕ್ಕ ಒಂಬತ್ತು ಬೆರಳು ರಾತ್ರಿ ಎಬ್ಬಿಸಿದಾಗ ಈಚೆಗೆ ನಾನು ಮೊದಲಿನಷ್ಟು ಬೈಯುವುದಿಲ್ಲ, ಒಂದೊಂದನ್ನೂ ಎಣಿಸಿಕೊಳ್ಳುತ್ತೇನೆ. ಅವರಿಗೆ ಇನ್ನೂ ಹೇಳಿಲ್ಲ. ಸೋಮವಾರ ಹಾಸನಕ್ಕೆ ಹೋಗುವಾಗ ಬಸ್ಸಿನಲ್ಲಿ ಹೇಳಬೇಕು.