ಇಂಗಳೇಶ್ವರದ ಮನೆಮಗಳು

ಶಾಲೆಯನ್ನು ಬಿಟ್ಟು ಸಂಸಾರದಲ್ಲಿ ತೊಡಗಿದ ಮೇಲೆ ನಮ್ಮನ್ನು ಇಂಥವರ ಪತ್ನಿ, ಇಂಥವರ ತಾಯಿ ಎಂದೇ ಊರು ಗುರುತಿಸುವದು. ಇದು ಅಗೌರವವೆಂದು ನಾವು ಹೇಳುವದಿಲ್ಲ. ಆದರೆ ದೊಡ್ಡ ಮನೆತನದ ಸ್ತ್ರೀಯರಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುವದು.

ಅಮೇರಿಕೆಯು ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದಾಗ, 1744ರಲ್ಲಿ, ಮ್ಯಾಸಚೂಸೆಟ್ಸಿನ ಪ್ರತಿಷ್ಠಿತ ಕ್ವಿನ್ಸಿ ಮನೆತನದ ಹೆಣ್ಣುಮಗಳ ಹೊಟ್ಟೆಯಲ್ಲಿ ಅಬಿಗೇಲ್ ಎಂಬಾಕೆ ಜನಿಸಿದಳು. ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸನ ಪತ್ನಿ, ಆರನೆಯ ಅಧ್ಯಕ್ಷನ ತಾಯಿ ಎಂದು ಆಕೆಯನ್ನು ಹೇಳುವದುಂಟು. ಹೊಸ ಕಾಯಿದೆಗಳನ್ನು ರಚಿಸುವಾಗ ಹೆಂಗಸರನ್ನು ಮರೆಯಬೇಡಿರೆಂದು 1776ರ ಮಾರ್ಚಿನಲ್ಲಿ ಆಕೆ ಪತಿಗೆ ಬರೆದಳು, ಆತನು ನಕ್ಕುಬಿಟ್ಟನು! ಆದರೂ ಪತ್ರಗಳು ಉಳಿದವು. ಅವುಗಳಿಂದಲೇ ಆಕೆ ಇಂದಿಗೂ ತನ್ನ ದನಿಯಲ್ಲಿ ಮಾತನಾಡುತ್ತಾಳೆ.

ಇದನ್ನು ಓದುವಾಗ ನಮಗೆ ನೆನಪಾಗುವವರು ನಮ್ಮ ಸೀಮೆಯ ಅಕ್ಕ ನಾಗಮ್ಮನವರು. ಬಸವನ ಬಾಗೇವಾಡಿಯ ಹತ್ತಿರದ ಇಂಗಳೇಶ್ವರವು ಅವರ ತಾಯಿ ಮಾದಲಾಂಬಿಕೆಯವರ ತವರೂರೆಂದು ಪ್ರಸಿದ್ಧವಾಗಿದೆ. ತಂದೆ ಮಾದರಸರು ಬಾಗೇವಾಡಿಯ ಅಗ್ರಹಾರದ ಪ್ರಮುಖರು. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ—ಪರಿಚಯವು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುವದು. ಅಕ್ಕನಿಗೆ ಇಲ್ಲದ ಜನಿವಾರ ತನಗೇಕೆಂದು ತಮ್ಮನು ಕೇಳಿದನೆಂಬ ಕಥೆಯನ್ನು ನಮ್ಮ ಕಡೆಯ ಮಕ್ಕಳೆಲ್ಲ ಬಲ್ಲರು. ಅದನ್ನು ಕೇಳಿದಾಗಲೆಲ್ಲ ತಮ್ಮನ ಧೈರ್ಯವನ್ನು ಮೆಚ್ಚುತ್ತೇವೆ. ಬಾಗಿಲ ಬಳಿ ನಿಂತಿದ್ದ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ವಿಚಾರಿಸುವದಿಲ್ಲ.

ಆಕೆ ಸುಮ್ಮನೆ ನಿಂತವರಲ್ಲ. ಕಲ್ಯಾಣದ ಮಹಾಮನೆಯಲ್ಲಿ ನಿತ್ಯ ಬರುವ ಶರಣರ ದಾಸೋಹದ ಭಾರವನ್ನು ನೀಲಾಂಬಿಕೆಯವರೊಡನೆ ಹೊತ್ತರೆಂದು ಹೇಳುವರು. ಅಷ್ಟು ಎಲೆಗಳಿಗೆ ಬಡಿಸಿದ ಕೈಗಳ ದಣಿವನ್ನು, ಹಬ್ಬದ ದಿನ ಒಂದು ಮನೆಗೆ ಅಡಿಗೆ ಮಾಡಿದವರೇ ಬಲ್ಲರು. ಅದರ ನಡುವೆಯೇ ವಚನಗಳನ್ನೂ ನುಡಿದರು; ಸುಮಾರು 15 ನಮಗೆ ದೊರೆತಿವೆ. ಅವರ ಅಂಕಿತವು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬದು. ಸ್ವಂತ ಮಾತಿಗೆ ಮುದ್ರೆಯೊತ್ತುವಾಗಲೂ ತಮ್ಮನ ಹೆಸರನ್ನು ಮುಂದಿಟ್ಟರು. ಇದು ಪ್ರೀತಿಯಿಂದ ಆದದ್ದೆಂದೇ ನಮ್ಮ ಎಣಿಕೆ.

ಕ್ರಿ.ಶ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯೆದ್ದು ಬಿಜ್ಜಳನ ಕೊಲೆಯಾಯಿತು. ಶರಣರು ಚೆದುರಿದರು. ಒಂದು ತಂಡವು ಚೆನ್ನಬಸವಣ್ಣನವರ ಸಂಗಡ ಸಹ್ಯಾದ್ರಿಯ ಕಾಡಿನ ಉಳವಿಯತ್ತ ನಡೆಯಿತು. ಬೆನ್ನಟ್ಟಿದ ಸೈನ್ಯವನ್ನು ಎದುರಿಸುತ್ತ ಸಾಗಿದ ಆ ತಂಡದಲ್ಲಿ ನಾಗಮ್ಮನವರೂ ಮುಂದಾಳಾಗಿದ್ದರೆಂದು ಪರಂಪರೆಯು ಹೇಳುವದು. ವಚನದ ಕಟ್ಟುಗಳು ನಾಶವಾಗದೆ ಉಳಿದದ್ದೂ ಇಂಥವರು ಹೊತ್ತು ನಡೆದದ್ದರಿಂದಲೇ ಎನ್ನುವರು. ಅಂಥ ಓಲೆಗಳನ್ನು ಮನೆಮನೆಗೆ ಹೋಗಿ ಹುಡುಕಿ, ವಿಜಾಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು.

ಮಗನು ಉಳವಿಯಲ್ಲಿಯೇ ಐಕ್ಯನಾದನು. ತಾಯಿಯು ಅಲ್ಲಿಂದ ಮತ್ತೆ ಹೊರಟು, ತರೀಕೆರೆಯ ಸಮೀಪದ ಎಣ್ಣೆಹೊಳೆಯವರೆಗೆ ನಡೆದರು. ಅವರ ಸಮಾಧಿಯೆಂದು ಜನರು ಕೈಮುಗಿಯುವ ಸ್ಥಳವು ಇರುವದು ಅಲ್ಲಿಯೇ, ಇಂಗಳೇಶ್ವರಕ್ಕೆ ಬಹುದೂರ.