ಹೊಸ ಬಳ್ಳಿ, ಹಳೆಯ ಪಲ್ಯ

ಹೊಸ ಹೂಬಳ್ಳಿಯೊಂದು ಪತ್ತೆಯಾಯಿತು ಎಂಬ ಸುದ್ದಿ ಓದಿದಾಗ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ದಟ್ಟ ಕಾಡು, ಹೆಗಲಿಗೆ ಚೀಲ ಹಾಕಿಕೊಂಡ ವಿಜ್ಞಾನಿ, ಅದುವರೆಗೆ ಯಾರ ಕಣ್ಣಿಗೂ ಬೀಳದೆ ಬಂಡೆಯ ಸಂದಿಯಲ್ಲಿ ಅರಳಿದ ಒಂದು ಹೂವು, ಅಲ್ಲವೇ? ನನಗೂ ಹಾಗೇ ಅನಿಸುತ್ತಿತ್ತು. ಆದರೆ 2007ರಲ್ಲಿ ವಿಜ್ಞಾನದ ಲೆಕ್ಕಕ್ಕೆ ಹೊಸದಾಗಿ ಸೇರಿದ ಒಂದು ಹಳದಿ ಹೂವಿನ ಬಳ್ಳಿಯ ಕತೆ ಬೇರೆಯೇ. ಅದರ ಕಾಯನ್ನು ಘಟ್ಟದ ಸೀಮೆಯ ಹೆಣ್ಣುಮಕ್ಕಳು ಆ ಮೊದಲೇ ಕೊಯ್ದು, ಹೆಚ್ಚಿ, ಪಲ್ಯ ಮಾಡಿ ಗಂಡ-ಮಕ್ಕಳಿಗೆ ಬಡಿಸಿದ್ದರು!

ಮಡಹಾಗಲ ನಿಮಗೆ ಗೊತ್ತೇ ಇದೆ. ಮೈತುಂಬ ಮೆತ್ತನೆಯ ಮುಳ್ಳಿನ, ಹಾಗಲದಷ್ಟು ಕಹಿಯಿಲ್ಲದ ಪುಟ್ಟ ಹಸಿರು ಕಾಯಿ. ಅರ್ಧ ಕನ್ನಡ, ಅರ್ಧ ತೆಲುಗಿನ ನಮ್ಮ ಬಳ್ಳಾರಿಯಲ್ಲಿ ಅದನ್ನು ಆಗಾಕರಕಾಯಿ ಎನ್ನುವವರೂ ಇದ್ದಾರೆ. ಇದಕ್ಕೆ ಶಾಸ್ತ್ರದ ಹೆಸರು ಮೊಮೊರ್ಡಿಕಾ ಡಯೋಯಿಕಾ. ಮೊಮೊರ್ಡಿಕಾ ಎಂಬುದು ಹಾಗಲದ ಕುಲದ ಹೆಸರು. ಲ್ಯಾಟಿನ್ನಿನಲ್ಲಿ 'ಕಚ್ಚು' ಎಂಬ ಅರ್ಥದ ಮಾತಿನಿಂದ ಬಂದದ್ದು. ಬಲಿತ ಹಾಗಲಕಾಯಿಯ ಬೀಜವನ್ನು ಕೈಯಲ್ಲಿ ಹಿಡಿದು ನೋಡಿ, ಅಂಚನ್ನೆಲ್ಲ ಯಾರೋ ಕಚ್ಚಿಟ್ಟ ಹಾಗಿರುತ್ತದೆ. ಡಯೋಯಿಕಾ ಎಂದರೆ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ ಎಂದರ್ಥ. ಈ ಹೆಸರು ಪ್ರಕಟವಾದದ್ದು 1805ರಲ್ಲಿ.

ಅಲ್ಲಿಂದ ಇನ್ನೂರು ವರ್ಷ ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಮುಳ್ಳು ಮೈಯ ಕಾಯಿಯನ್ನೂ ಇದೇ ಮಡಹಾಗಲದ ಲೆಕ್ಕಕ್ಕೇ ಹಿಡಿದರು. ಕೇರಳದ ಜೋಸೆಫ್ ಜಾನ್ ಮತ್ತು ವಿ.ಟಿ. ಆಂಟನಿ ಎಂಬ ಇಬ್ಬರು ಸಸ್ಯವಿಜ್ಞಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಯಲುಸೀಮೆಯ ಮಡಹಾಗಲದ ಹೂವು ಚಿಕ್ಕದು, ಸಂಜೆ ಅರಳುತ್ತದೆ, ಘಮ್ಮೆಂದು ಕಸ್ತೂರಿಯಂಥ ವಾಸನೆ. ಘಟ್ಟದ ಬಳ್ಳಿಯದು ದೊಡ್ಡ ಹೂವು, ಅಪ್ಪಟ ಅರಿಶಿನ ಬಣ್ಣ, ಅರಳುವುದು ಹಗಲಿನಲ್ಲಿ. ಕಾಯಿಯೂ ದೊಡ್ಡದು. ಇವು ಅಕ್ಕ-ತಂಗಿಯರು ನಿಜ, ಆದರೆ ಒಬ್ಬಳೇ ಅಲ್ಲ ಎಂದು ಖಚಿತವಾದ ಮೇಲೆ ಘಟ್ಟದ ಬಳ್ಳಿಗೆ ಮೊಮೊರ್ಡಿಕಾ ಸಹ್ಯಾದ್ರಿಕಾ ಎಂದು ಹೆಸರಿಟ್ಟರು. ಸಹ್ಯಾದ್ರಿಯ ಮಗಳು! ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಬೇರೆಲ್ಲೂ ಅದಕ್ಕೆ ತವರಿಲ್ಲ.

ಹೆಸರಿಡುವುದೆಂದರೆ ನಮ್ಮ ನಾಮಕರಣದಂತೆ ತೊಟ್ಟಿಲ ಬಳಿ ಕಿವಿಯಲ್ಲಿ ಹೇಳಿ ಮುಗಿಸುವ ಕೆಲಸವಲ್ಲ. ಹೂವು, ಎಲೆ ಇರುವ ಬಳ್ಳಿಯ ತುಂಡನ್ನು ಕಾಗದಗಳ ನಡುವೆ ಒತ್ತಿ ಒಣಗಿಸುತ್ತಾರೆ. ಶಾಲೆಗೆ ಹೋಗುವಾಗ ನಾವು ಪುಸ್ತಕದೊಳಗೆ ನವಿಲುಗರಿ ಇಡುತ್ತಿದ್ದೆವಲ್ಲ, ಹಾಗೆ. ಹೀಗೆ ಒಣಗಿಸಿದ್ದರಲ್ಲಿ ಒಂದನ್ನು ಮಾದರಿ ಎಂದು ಗೊತ್ತುಮಾಡಿ ಸಸ್ಯಸಂಗ್ರಹಾಲಯದಲ್ಲಿ ಕಾಪಾಡಿಡುತ್ತಾರೆ. ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ನೋಡಬೇಕು. ಎಲೆಯ ಅಳತೆ, ತೊಟ್ಟಿನ ಉದ್ದ, ಬೀಜದ ಆಕಾರ ಎಲ್ಲವನ್ನೂ ಬರೆದು, ಹತ್ತಿರದ ನೆಂಟರಿಗಿಂತ ಇದು ಹೇಗೆ ಬೇರೆ ಎಂದು ತೋರಿಸಿ, ವಿಜ್ಞಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು. 2011ರ ಕೊನೆಯವರೆಗೂ ಆ ವಿವರಣೆ ಲ್ಯಾಟಿನ್ ಭಾಷೆಯಲ್ಲೇ ಇರಬೇಕೆಂಬ ಕಟ್ಟಳೆಯಿತ್ತು. ಮಡಿ-ಮೈಲಿಗೆಯ ನಿಯಮಗಳು ನಮ್ಮ ಅಡುಗೆಮನೆಯಲ್ಲಿ ಮಾತ್ರ ಇವೆ ಎಂದುಕೊಂಡಿದ್ದಿರಾ?

ಇಷ್ಟೆಲ್ಲ ಓದಿದಾಗ ನನಗೆ ನೆನಪಾದದ್ದು ಕುರುಗೋಡಿನ ನಮ್ಮ ಅತ್ತೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹಿತ್ತಲ ಬೇಲಿಗೆ ಮಡಹಾಗಲದ ಬಳ್ಳಿ ಹಬ್ಬಿಸಿದ್ದರು. ಸೊಸೆಯಾಗಿ ಹೋದ ಹೊಸತರಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದು, "ನೋಡವ್ವಾ, ಇದು ಗಂಡು ಬಳ್ಳಿ. ಹೂವಿನ ಬುಡದಾಗ ಹೀಚಿಲ್ಲ. ಅದು ಹೆಣ್ಣು, ಬುಡದಾಗ ಸಣ್ಣ ಕಾಯಿ ಕುಂತೈತಿ. ಕಾಯಿ ಬಿಡಂಗಿಲ್ಲ ಅಂತ ಗಂಡನ್ನ ಕಿತ್ತು ಒಗಿಬ್ಯಾಡ, ಅದಿಲ್ಲಾಂದ್ರ ಹೆಣ್ಣಿಗೂ ಕಾಯಿ ನಿಲ್ಲಂಗಿಲ್ಲ" ಅಂದರು. ವಿಜ್ಞಾನಿ ಡಯೋಯಿಕಾ ಎಂಬ ಒಂದು ಮಾತಿನಲ್ಲಿ ಹೇಳಿದ್ದನ್ನು ಅತ್ತೆ ಬೇಲಿಯ ಪಕ್ಕ ನಿಂತು ಹೇಳಿಬಿಟ್ಟಿದ್ದರು. ಇಬ್ಬರದೂ ನೋಡುವ ಕೆಲಸವೇ. ಒಬ್ಬರು ಬರೆದಿಟ್ಟರು, ಇನ್ನೊಬ್ಬರು ಸೊಸೆಗೆ ಹೇಳಿ ಸುಮ್ಮನಾದರು. ಅಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸ ಸಣ್ಣದಲ್ಲ. ಬರೆದಿಟ್ಟದ್ದು ಉಳಿಯುತ್ತದೆ, ಬಾಯಿಮಾತು ಕೇಳುವವರು ಇರುವ ತನಕ ಮಾತ್ರ.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಎರೆಹೊಲದ ಸೀಮೆಗೆ ಹಾಗಲದ ಕುಲದಲ್ಲಿ ಇನ್ನೊಬ್ಬ ನೆಂಟ ಇದ್ದಾನೆ: ಕರ್ಚಿಕಾಯಿ. ಹಬ್ಬಕ್ಕೆ ಕರಿಯುವ ಸಿಹಿ ಕರ್ಜಿಕಾಯಿ ಅಲ್ಲ ಮತ್ತೆ! ಬಳ್ಳಾರಿಯ ಮಾರ್ಕೆಟ್ಟಿನಲ್ಲಿ ಮಳೆಗಾಲದ ದಿನಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಗೋಣಿಚೀಲ ಹಾಸಿ, ಪುಟ್ಟ ಗುಡ್ಡೆ ಮಾಡಿ ಮಾರುತ್ತಾರಲ್ಲ, ಅದೇ. ತೆಲುಗಿನವರು ಕಾಸರಕಾಯಿ ಎನ್ನುತ್ತಾರೆ, ತಮಿಳುನಾಡಿನಲ್ಲಿ ಅದಲಕ್ಕಾಯಿ. ಒಂದು ಅಂಗುಲ ಉದ್ದ ಇದ್ದರೆ ಹೆಚ್ಚು. ಮೈಮೇಲೆ ಹೀರೇಕಾಯಿಯಂತೆ ಏಣುಗಳು. ಬಾಯಿಗಿಟ್ಟರೆ ಹಾಗಲದ ಕಹಿ. ಹೂವು ತಿಳಿ ಬಣ್ಣದ್ದು, ಚಿಕ್ಕದು. ಗಂಡು ಹೂವು, ಹೆಣ್ಣು ಹೂವು ಒಂದೇ ಬಳ್ಳಿಯಲ್ಲಿ. ಇದನ್ನು ಯಾರೂ ಬಿತ್ತುವುದಿಲ್ಲ. ನೆಲದೊಳಗೆ ಇದರ ಗಡ್ಡೆ ಬೇಸಿಗೆಯುದ್ದಕ್ಕೂ ಮಲಗಿರುತ್ತದೆ. ಮೊದಲ ಮಳೆ ಬಿದ್ದು ಎರೆಮಣ್ಣಿನ ಬಿರುಕು ಮುಚ್ಚಿಕೊಂಡಿತೋ, ತಾನಾಗಿಯೇ ಚಿಗುರಿ ಜೋಳದ ಸಾಲಿನ ನಡುವೆ ಹರಿದಾಡುತ್ತದೆ.

ಈ ಬಡಪಾಯಿ ಕಾಯಿಗೂ ಹೆಸರಿಡುವವರು ಕಡಿಮೆ ಜಗಳ ಆಡಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೋರಮಂಡಲ ಕರಾವಳಿಯಲ್ಲೂ ಆಮೇಲೆ ಕಲ್ಕತ್ತದ ಸಸ್ಯೋದ್ಯಾನದಲ್ಲೂ ಕೆಲಸ ಮಾಡಿದ ವಿಲಿಯಂ ರಾಕ್ಸ್‌ಬರ್ಗ್ ಎಂಬ ವೈದ್ಯ ಇದನ್ನು ಹೀರೆಯ ಕುಲಕ್ಕೆ ಸೇರಿಸಿ ಲುಫಾ ಟ್ಯೂಬರೋಸಾ, ಅಂದರೆ ಗಡ್ಡೆಯುಳ್ಳ ಹೀರೆ, ಎಂದ. ಅದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1832ರಲ್ಲಿ. ಆಮೇಲೆ ಬಂದವರು ಇಲ್ಲ, ಇದು ಹಾಗಲವೇ ಎಂದು ಕುಲ ಬದಲಿಸಿದರು. ಈಗ ಹೆಚ್ಚಾಗಿ ಮೊಮೊರ್ಡಿಕಾ ಸಿಂಬಲೇರಿಯಾ ಎನ್ನುತ್ತಾರೆ. ಆಫ್ರಿಕಾದಲ್ಲೂ ಇದು ಬೆಳೆಯುತ್ತದಂತೆ. ಹೀರೆಯೋ ಹಾಗಲವೋ ಎಂದು ದೊಡ್ಡವರು ವಾದ ಮಾಡುತ್ತಿದ್ದಾಗ ನಮ್ಮ ಅಜ್ಜಿಯರು ಒಂದು ಕಾಯಿ ಕಚ್ಚಿ, "ಹಾಗಲದ ಜಾತೀದು" ಎಂದು ಹೇಳುತ್ತಿದ್ದರೋ ಏನೋ, ಕೇಳುವವರು ಇರಲಿಲ್ಲ.

ನನ್ನ ತವರು ಸಿರುಗುಪ್ಪದ ಹತ್ತಿರದ ಹಳ್ಳಿ. ನಾನು ಲಂಗ ತೊಡುವ ವಯಸ್ಸಿನಲ್ಲಿದ್ದಾಗ ನಮ್ಮ ಹೊಲ ಮಳೆ ನಂಬಿದ ಎರೆಹೊಲ. ಅವ್ವ ಕಳೆ ತೆಗೆಯಲು ಹೋದರೆ ಮಧ್ಯಾಹ್ನ ಬರುವಾಗ ಸೆರಗಿನ ಗಂಟಿನಲ್ಲಿ ಕರ್ಚಿಕಾಯಿ ಇರುತ್ತಿತ್ತು. ಕೊಂಡದ್ದಲ್ಲ, ಯಾರನ್ನೂ ಬೇಡಿದ್ದಲ್ಲ. ಸಂತೆಗೆ ಹೋಗಲು ಕೈಯಲ್ಲಿ ಕಾಸಿಲ್ಲದ ವಾರಗಳಲ್ಲಿ ರೊಟ್ಟಿಯ ಜೊತೆ ಅದೇ ಪಲ್ಯ. ಆಮೇಲೆ ಹೊಲಕ್ಕೆ ನೀರು ಬಂತು. ತುಂಗಭದ್ರೆಯ ನೀರು ನಮ್ಮ ತಾಲೂಕನ್ನು ಭತ್ತದ ಕಣಜ ಮಾಡಿತು. ನಮ್ಮ ಮನೆಗೂ ಅದು ಒಳ್ಳೆಯದನ್ನೇ ಮಾಡಿತು. ಅಣ್ಣ ಮಕ್ಕಳನ್ನು ಓದಿಸಿದ್ದು ಆ ಭತ್ತದಿಂದಲೇ. ನೀರನ್ನು ದೂರುವ ಬಾಯಿ ನನಗಿಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಕರ್ಚಿಕಾಯಿಯ ಗಡ್ಡೆ ಕೊಳೆತುಹೋಗುತ್ತದೆ. ಒಣಹೊಲ ಉಳಿದ ಕಡೆಯೂ ಟ್ರ್ಯಾಕ್ಟರು ಆಳವಾಗಿ ಉತ್ತು ಗಡ್ಡೆಯನ್ನು ಮೇಲೆ ಎಸೆಯುತ್ತದೆ, ಮಿಕ್ಕದ್ದನ್ನು ಕಳೆನಾಶಕ ನೋಡಿಕೊಳ್ಳುತ್ತದೆ. ಅವ್ವ ತೀರಿಕೊಂಡ ವರ್ಷ ತವರಿಗೆ ಹೋದಾಗ ಹೊಲದ ಬದುವನ್ನೆಲ್ಲ ಸುತ್ತಿ ನೋಡಿದೆ. ಒಂದು ಬಳ್ಳಿಯೂ ಕಾಣಲಿಲ್ಲ. ಅಣ್ಣನ ಸೊಸೆಯನ್ನು ಕೇಳಿದರೆ, "ಯಾವ ಕಾಯಿ ಅತ್ತೀ? ಹಂಗಂದ್ರ ಏನು?" ಅಂದಳು. ಬಳ್ಳಿ ಹೋದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನಾಟಿತು. ಗಿಡ ಹೋದರೆ ಇನ್ನೊಂದು ಊರಿನಿಂದ ತರಬಹುದು. ಹೆಸರೇ ಹೋದರೆ ಏನೆಂದು ಕೇಳಿ ತರುವುದು?

ಘಟ್ಟದ ಬಳ್ಳಿಗೆ ಹೊಸ ಹೆಸರು ಸಿಕ್ಕಿದ ಸುದ್ದಿಯಿಂದ ನಾನು ಕಲಿತದ್ದು ಇಷ್ಟು: 'ಇದು ಅದೇನಾ, ಬೇರೆನಾ?' ಎಂದು ಒಂದು ಕ್ಷಣ ನಿಂತು ನೋಡಿದವರಿಗೆ ಮಾತ್ರ ಹೊಸದು ಸಿಗುತ್ತದೆ. ನೋಡುವ ಕಣ್ಣು ನಮಗೆ ಇದ್ದೇ ಇದೆ. ಅಕ್ಕಿಯಲ್ಲಿ ಕಲ್ಲು ಆರಿಸುವ, ಸೊಪ್ಪಿನಲ್ಲಿ ಹುಳ ಹಿಡಿಯುವ ಕಣ್ಣು ನಮ್ಮದು. ಅದನ್ನು ಹಿತ್ತಲ ಬೇಲಿಯ ಕಡೆಗೂ ಒಂದಿಷ್ಟು ಹೊರಳಿಸಿದರೆ ಆಯಿತು. ನಿಮ್ಮ ಊರಿನ ಕಾಡುಬಳ್ಳಿಗಳ ಹೆಸರನ್ನು ಹಿರಿಯರ ಬಾಯಲ್ಲಿ ಕೇಳಿ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಾದರೂ ಬರೆದಿಡಿ. ಯಾವ ತಿಂಗಳಲ್ಲಿ ಚಿಗುರಿತು, ಹೂವು ಬೆಳಿಗ್ಗೆ ಅರಳಿತೋ ಸಂಜೆಯೋ, ಅಷ್ಟು ಸಾಕು.

ಮನೆಯ ಹಿಂದೆ ನಾಲ್ಕು ಮೊಳ ಜಾಗವಿದ್ದರೆ ಮಡಹಾಗಲ ಬೆಳೆಸಬಹುದು. ಬೀಜಕ್ಕಿಂತ ಗಡ್ಡೆ ನೆಡುವುದು ಮೇಲು. ಬೀಜದಿಂದ ಬಂದದ್ದು ಗಂಡೋ ಹೆಣ್ಣೋ ಎಂದು ಹೂ ಬಿಡುವ ತನಕ ತಿಳಿಯುವುದಿಲ್ಲ. ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಸಾಕು. ದುಂಬಿಗಳು ಕಡಿಮೆ ಎನಿಸಿದರೆ ಅರಳಿದ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವೆ ಮೃದುವಾಗಿ ಸವರಿ. ಬಯಲುಸೀಮೆಯ ಮಡಹಾಗಲಕ್ಕೆ ಇದು ಸಂಜೆಯ ಕೆಲಸ, ನೆನಪಿರಲಿ.

ಕರ್ಚಿಕಾಯಿ ಸಿಕ್ಕರೆ ಬಿಡಬೇಡಿ. ಹಾಗಲಕ್ಕಿಂತ ಇದರಲ್ಲಿ ಸುಣ್ಣದ ಅಂಶ ಬಹಳ ಹೆಚ್ಚು ಎಂದು ಪರೀಕ್ಷಿಸಿದವರು ಹೇಳಿದ್ದಾರೆ. ಎಳೆಯ ಕಾಯಿಯನ್ನೇ ಆರಿಸಿ. ತೊಟ್ಟು-ತುದಿ ತೆಗೆದು ತೊಳೆದು, ಉಪ್ಪು, ಅರಿಶಿನ, ಒಂದಿಷ್ಟು ಹುಣಿಸೆ ನೀರು ಹಾಕಿ ಅರೆಬೇಯಿಸಿ ನೀರು ಬಸಿಯಿರಿ. ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಇಟ್ಟು ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು, ಕಾಯಿ ಹಾಕಿ ಸಣ್ಣ ಉರಿಯಲ್ಲಿ ಮೆತ್ತಗಾಗುವ ತನಕ ಹುರಿಯಿರಿ. ಕೊನೆಗೆ ಖಾರದ ಪುಡಿ, ಚಿಟಿಕೆ ಬೆಲ್ಲ, ಎರಡು ಚಮಚ ಗುರೆಳ್ಳು ಪುಡಿ ಅಥವಾ ಶೇಂಗಾ ಪುಡಿ. ಬಿಸಿ ಜೋಳದ ರೊಟ್ಟಿಗೆ ಇದಕ್ಕಿಂತ ಜೋಡಿ ಇಲ್ಲ. ಹೆಚ್ಚು ಸಿಕ್ಕರೆ ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಬಾಳಕ ಮಾಡಿಡಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ತಿನ್ನುವುದು ಕಾಯಿಯನ್ನು, ಗಡ್ಡೆಯನ್ನಲ್ಲ. ಇದರ ಗಡ್ಡೆಯನ್ನು ಹಿಂದೆ ಗರ್ಭ ಇಳಿಸಲು ಬಳಸುತ್ತಿದ್ದರು. ಯಾರೋ ಔಷಧಿ ಎಂದರೆಂದು ಅದನ್ನು ಬಾಯಿಗೆ ಹಾಕಿಕೊಳ್ಳಬಾರದು. ಬಸುರಿಯರಂತೂ ಅದರ ಗೊಡವೆಗೇ ಹೋಗಬಾರದು. ಗಡ್ಡೆ ನೆಲದಲ್ಲೇ ಇದ್ದರೆ ಬರುವ ವರ್ಷಕ್ಕೂ ಬಳ್ಳಿ ಇರುತ್ತದೆ.

ಈ ಸಲ ಮಾರ್ಕೆಟ್ಟಿಗೆ ಹೋದಾಗ ಗೋಣಿಚೀಲದ ಮುಂದೆ ಕೂತ ಅಜ್ಜಿಯ ಹತ್ತಿರ ಬೆಲೆ ಕೇಳುವ ಮೊದಲು, "ಇದು ಯಾವ ಹೊಲದ್ದು ಅಜ್ಜಿ? ಬಳ್ಳಿ ಹೆಂಗಿರ್ತದ?" ಎಂದು ಕೇಳಿ ನೋಡಿ. ಜೊತೆಗೆ ಮಗಳಿದ್ದರೆ ಅವಳೂ ಕೇಳಿಸಿಕೊಳ್ಳಲಿ. ಕಾಯಿಯ ಜೊತೆ ಒಂದು ಹೆಸರೂ ನಿಮ್ಮ ಚೀಲದಲ್ಲಿ ಮನೆಗೆ ಬರುತ್ತದೆ, ಅದಕ್ಕೆ ಅಜ್ಜಿ ದುಡ್ಡು ಕೇಳುವುದಿಲ್ಲ.